ಎಂಟನೆಯ ದಿನ

ಆರು ದಿನ ದುಡಿದು ಏಳನೆಯ ದಿನ
ನೀನು ಸುಮ್ಮನೆ ಕೂತೆ ಎಂದು ಬರೆದಿದೆ, ಕರ್ತನೇ.
ಎಂಟನೆಯ ದಿನ ಏನು ಮಾಡಿದೆ?
ಅದೊಂದನ್ನು ಯಾರೂ ಬರೆದಿಟ್ಟಿಲ್ಲ.
ನನಗೀಗ ಬೇಕಾಗಿರುವುದು ಅದೇ ಪುಟ.

ಮೂವತ್ತೆಂಟು ವರ್ಷ ಸೇತುವೆ ಎತ್ತಿದೆ, ಇಳಿಸಿದೆ.
ಫ್ರೀಸ್‌ಲ್ಯಾಂಡಿನ ಈ ಕಾಲುವೆಯಲ್ಲಿ
ಹಾರ್ಮೆನ್ ಒಪ್ಪದೆ ಒಂದು ಹಾಯಿದೋಣಿಯೂ ದಾಟಿದ್ದಿಲ್ಲ.
ಬಾತುಕೋಳಿಗಳು ದಾಟುತ್ತಿದ್ದವು;
ಅವು ಯಾರಪ್ಪನ ಮಾತು ಕೇಳುತ್ತವೆ?
ಗಾಳದ ಕೋಲಿಗೆ ಮರದ ಜೋಡು ಕಟ್ಟಿ ಇಳಿಬಿಟ್ಟರೆ
ಸಾಹುಕಾರನ ನೌಕೆಯೂ ತೆಪ್ಪಗೆ ಸುಂಕ ಹಾಕಿ
ಮುಂದೆ ಹೋಗುತ್ತಿತ್ತು.

ಈಗ ಆ ಜೋಡು ಮನೆಯಲ್ಲಿದೆ. ನಾನೂ.
ಕೆಲಸವಿಲ್ಲದ ಬಡಗಿ ಮಗನ ಅಂಡು ಕೆತ್ತಿದನಂತೆ;
ನಾನು ಹಿಸ್ಕೆಯ ಅಡುಗೆಮನೆಯ ಡಬ್ಬಿಗಳನ್ನೆಲ್ಲ
ಅಕ್ಷರಾನುಕ್ರಮದಲ್ಲಿ ಜೋಡಿಸಿಟ್ಟೆ.
ಉಪ್ಪು ಸಿಗದೆ ಮೂರು ದಿನ ಸಪ್ಪೆ ಉಂಡೆವು.
ಅವಳು ಬಯ್ಯಲಿಲ್ಲ.
ನಿನ್ನ ಗ್ರಂಥ ತಂದು ಕೈಗಿಟ್ಟು,
“ಯೋಬನ ಕಥೆ ಓದು, ತಾಳ್ಮೆ ಬರುತ್ತದೆ” ಎಂದಳು.
“ಯಾರಿಗೆ?”
“ನೀನು ಓದುವಷ್ಟು ಹೊತ್ತು, ನನಗೆ.”

ಭಾನುವಾರ ಪಾಳಿಯಿದೆ ಎಂಬ ನೆಪ
ನಿವೃತ್ತಿಯ ಜೊತೆಗೇ ಹೋಯಿತು.
ಬೋಧನೆಗೆ ಮೂರು ಭಾಗ, ಭಾಗಕ್ಕೊಂದು ಪೆಪ್ಪರ್‌ಮಿಂಟ್,
ಇದು ನಮ್ಮ ಸಭೆಯ ಹಳೆಯ ಲೆಕ್ಕ.
ಹೊಸ ಬೋಧಕರು ಎರಡನೆಯ ಭಾಗದಲ್ಲೇ
ನಾಲ್ಕು ಪೆಪ್ಪರ್‌ಮಿಂಟ್ ಎಳೆದರು.
ಕಣ್ಣು ಮುಚ್ಚಿದ್ದೆ. ಪ್ರಾರ್ಥನೆಗೆಂದೇ ಮುಚ್ಚಿದ್ದು,
ಆಮೇಲಿನದಕ್ಕೆ ನಾನು ಜವಾಬ್ದಾರನಲ್ಲ.
ಉದ್ದ ಕೋಲಿನ ಕಾಣಿಕೆ ಚೀಲ ಮೂಗಿನ ಹತ್ತಿರ ಬಂದಾಗ
ಹಳೆಯ ಅಭ್ಯಾಸ, ನೋಡು,
“ಏಳುತ್ತಿದೆ, ಏಳುತ್ತಿದೆ!” ಎಂದು ಕೂಗಿಬಿಟ್ಟೆ.
ಕೀರ್ತನೆ ಶುರುವಾಯಿತೆಂದು
ಅರ್ಧ ಸಭೆ ಎದ್ದು ನಿಂತಿತು.
ಆರ್ಗನ್ ನುಡಿಸುವ ವೃದ್ಧೆ ಗಾಬರಿಯಿಂದ
ಸಿಕ್ಕಿದ ಸ್ವರ ಒತ್ತಿದಳು.
ಬೋಧನೆ ಅಲ್ಲಿಗೇ ಮುಗಿಯಿತು.
ಬಾಗಿಲಲ್ಲಿ ಏಳು ಜನ ನನ್ನ ಕೈ ಕುಲುಕಿದರು,
ಯಾಕೆಂದು ಯಾರೂ ಹೇಳಲಿಲ್ಲ.

ಸೇತುವೆ ಎತ್ತುವವರು ಈಗ ಲೇವಾರ್ಡನ್ನಿನಲ್ಲಿದ್ದಾರೆ,
ಯಾವುದೋ ಕೋಣೆಯಲ್ಲಿ, ಪರದೆಯ ಮುಂದೆ.
ಇಲ್ಲಿ ಒಂದು ಕಂಬ, ಕಂಬದ ತುದಿಗೆ ಕ್ಯಾಮೆರಾ.
ಆದರೂ ಆರು ಗಂಟೆಗೆ ಕಾಲು ಅಲ್ಲಿಗೇ ಹೋಗುತ್ತದೆ.
ಮೊನ್ನೆ ಮಂಗಳವಾರ ಕೈಗೆ ಕೈ ಕಾಣದ ಮಂಜು.
ಯಾರಿಲ್ಲವೆಂದು ಟೋಪಿ ತೆಗೆದು ಗಟ್ಟಿಯಾಗಿಯೇ ಕೇಳಿದೆ:
“ಕರ್ತನೇ, ನನ್ನಿಂದ ಇನ್ನೇನಾದರೂ ಆಗಬೇಕೆ?”

ಮೇಲಿನಿಂದ ಧ್ವನಿ ಬಂತು.
“ದಯವಿಟ್ಟು ಎರಡು ಹೆಜ್ಜೆ ಹಿಂದೆ ಸರಿಯಿರಿ.”

ಸರಿದೆ. ಸರಿಯದೆ ಇರುವುದುಂಟೆ?
ಹೆಣ್ಣು ದನಿಯಲ್ಲಿ ಮಾತಾಡುತ್ತೀಯೆಂದು ಗೊತ್ತಿರಲಿಲ್ಲ, ಅಷ್ಟೆ.
ಅದು ಪಾಳಿಯ ಹುಡುಗಿ ಮಿರ್ಥೆ ಎಂದು ತಿಳಿಯುವಷ್ಟರಲ್ಲಿ
ಅರ್ಧ ಪಾಪಗಳನ್ನು ಒಪ್ಪಿಕೊಂಡಾಗಿತ್ತು:
ಸುಂಕದ ಚಿಲ್ಲರೆಯಲ್ಲಿ ಕುಡಿದ ಕಾಫಿ,
ಅವಸರದ ಡಾಕ್ಟರನನ್ನು ಬೇಕೆಂದೇ
ಕಾಯಿಸಿದ ಹದಿನೈದು ನಿಮಿಷ.
ಧ್ವನಿವರ್ಧಕ ಸ್ವಲ್ಪ ಹೊತ್ತು ಗರಗರ ಎಂದಿತು.
“ಪರವಾಗಿಲ್ಲ ಬಿಡಿ, ಅಜ್ಜ.”
ಇಷ್ಟು ಅಗ್ಗದ ಕ್ಷಮೆ ನಮ್ಮ ಸಭೆಯಲ್ಲಿ
ನನಗೆ ಇವತ್ತಿನವರೆಗೆ ಸಿಕ್ಕಿಲ್ಲ.

ಮನೆಗೆ ಬಂದು ಹಿಸ್ಕೆಗೆ ಹೇಳಿದೆ.
ನಕ್ಕು ನಕ್ಕು ಅವಳ ಕನ್ನಡಕ ಆಲೂಗಡ್ಡೆಯ ನೀರಿಗೆ ಬಿತ್ತು.
“ಹುಡುಗಿಯಾದರೇನು, ಮಾತು ಅವನದೇ.
ಈ ಒಲೆಯಿಂದಲೂ ಎರಡು ಹೆಜ್ಜೆ ಸರಿ.”

ಹಾಗಾಗಿ ಈಗ ಎರಡು ಹೆಜ್ಜೆ ಹಿಂದೆ ಕೂತಿದ್ದೇನೆ.
ಇಲ್ಲಿಂದ ಅವಳ ಬೆನ್ನು ಕಾಣುತ್ತದೆ,
ಕಿಟಕಿ, ಕಿಟಕಿಯಾಚೆ ಕಾಲುವೆ,
ಯಾರನ್ನೂ ಕೇಳದೆ ದಾಟುವ ಬಾತುಗಳು.
ಹತ್ತಿರ ನಿಂತಿದ್ದಾಗ ಇಷ್ಟೆಲ್ಲ ಕಂಡಿರಲಿಲ್ಲ.
ಎಂಟನೆಯ ದಿನ ನೀನೂ
ಹೀಗೇ ಕೂತಿದ್ದೆಯೇನೋ.

ನನ್ನ ದೋಣಿ ಬರುವ ದಿನ ಅವಸರ ಬೇಡ.
ಅದರ ಕೂವೆಮರ ಗಿಡ್ಡ, ಸೇತುವೆ ಪೂರ್ತಿ ಎತ್ತಬೇಕಿಲ್ಲ.
ನಿನ್ನ ಜೋಡು ಇಳಿಬಿಡು.
ಕಿಸೆಯಲ್ಲಿ ಚಿಲ್ಲರೆ ಇಲ್ಲದಿದ್ದರೆ
ಉಳಿದ ಪೆಪ್ಪರ್‌ಮಿಂಟಾದರೂ ಇರುತ್ತದೆ.

ತಡಿ, ಊಟಕ್ಕೆ ಕರೆಯುತ್ತಿದ್ದಾಳೆ.
ಉಪ್ಪು ಸಿಕ್ಕಿತಂತೆ.