ಎತ್ತಿಗೆ ಗೊತ್ತಿರುವ ದಾರಿ

ಗಾಡಿಯವನು ಕಬ್ಬಿನ ಮೇಲೆ ಮಲಗಿಬಿಟ್ಟರೂ
ಎತ್ತು ಫ್ಯಾಕ್ಟರಿಯ ಗೇಟು ಮುಟ್ಟುತ್ತದೆ.
ನನ್ನ ಎಡಗೈಯೂ ಹಾಗೆಯೇ, ಹತ್ತೊಂಬತ್ತು ವರ್ಷ.
ಐದನೇ ಫ್ರೆಟ್ಟು, ಏಳು, ಎಂಟು, ವಾಪಸ್ಸು.
ಮದ್ದೂರಲ್ಲಿ ಮದುವೆ, ಮಳವಳ್ಳಿಯಲ್ಲಿ ನಾಮಕರಣ,
ಜನ ಊಟಕ್ಕೆ ಎದ್ದುಹೋದ ಮೇಲೂ
ಬೆರಳು ತಾನೇ ನಡೆದು ಹಾಡು ಮುಗಿಸುತ್ತದೆ.
ನಾನು ಸ್ಟೇಜಿನ ಮೇಲೆ ನಿಂತು
ಗ್ಯಾಸು ಬುಕ್ ಮಾಡಿದೆನೋ ಇಲ್ಲವೋ ಎಂದು
ಯೋಚಿಸುತ್ತಿರುತ್ತೇನೆ.

ಕೈ ಕುದುರಿದೆ ನಿಂಗೆ, ಅನ್ನುತ್ತಾರೆ.
ನಿಜ. ಕುದುರಿ, ಕೂತುಬಿಟ್ಟಿದೆ.

ಏನೇನು ಮಾಡಲಿಲ್ಲ! ಹೊಸ ತಂತಿ,
ಸಾಲ ಮಾಡಿ ಮೈಸೂರಿಂದ ತಂದ ಹೊಸ ಗಿಟಾರು,
ಮೆಟ್ರೊನೋಮಿನ ಟಿಕ್ಕಿಗೆ ಇನ್ನೂ ಜೋರು, ಇನ್ನೂ ಜೋರು.
ಎತ್ತು ಓಡಿತು, ಅಷ್ಟೆ.
ಅದೇ ಗೇಟಿಗೆ ಬೇಗ ಹೋಗಿ ನಿಂತಿತು.

ಕಾರ್ತೀಕದ ಒಂದು ರಾತ್ರಿ ಕರೆಂಟು ಹೋಗಿ
ಸುಮ್ಮನೆ ಕೂತಿದ್ದೆ, ಗಿಟಾರು ತೊಡೆಯ ಮೇಲೆ.
ಪಾಳಿ ಬದಲಾಗುವ ಸೈರನ್ನು ಕೂಗಿತು.
ಹುಟ್ಟಿದಂದಿನಿಂದ ಕಿವಿಗೆ ಬೀಳುತ್ತಿದ್ದದ್ದೇ,
ಅವತ್ತು ಕೇಳಿಸಿತು:
ಮಂಡಿಗೆ ಕೈಕೊಟ್ಟು ಮುದುಕ ಏಳುವ ಹಾಗೆ
ಕೆಳಗಿನಿಂದ ಏಳುತ್ತ, ಏಳುತ್ತ,
ಎರಡು ಸ್ವರದ ನಡುವಿನ ಸಂದಿಯಲ್ಲಿ ನಿಂತುಕೊಂಡಿತು.
ತಡಕಾಡಿದೆ. ಒಂಬತ್ತಕ್ಕಿಂತ ಮೇಲೆ, ಹತ್ತಕ್ಕಿಂತ ಕೆಳಗೆ.
ನನ್ನ ಗಿಟಾರಿನಲ್ಲಿ ಅದಕ್ಕೆ ಮನೆಯೇ ಇಲ್ಲ.

ತಂತಿ ತಳ್ಳಿ ಹತ್ತಿಸಬೇಕು.
ತಳ್ಳುವುದು ಗೊತ್ತಿಲ್ಲವೇ, ದಿನಾ ಮಾಡುವ ಶೋಕಿ.
ಆದರೆ ಇಷ್ಟು ನಿಧಾನ? ಉಸಿರು ಮುಗಿಯುವಷ್ಟು?
ಹೊರಟದ್ದು ಗೊತ್ತಾಗದ ಹಾಗೆ?
ದಿನಕ್ಕೆ ಮೂರು ಪಾಳಿ, ಮೂರೇ ಪಾಠ.
ಬೆಳಗಿನ ಆರಕ್ಕೆ ಬ್ರಶ್ಶು ಬಾಯಲ್ಲೇ ಕಚ್ಚಿಕೊಂಡು
ಓಡಿಬಂದದ್ದುಂಟು.
'ಕಟ್ಟಾಕಿದ್ ಕರ ಅರಚ್ದಂಗದೆ' ಅಂದಳು ವಸುಮತಿ,
ಅಂದು, ಬಾಗಿಲು ಹಾಕಿಕೊಂಡಳು.

ಮೂರನೇ ವಾರ ಉಂಗುರಬೆರಳ ತುದಿ ಉರಿಯಿತು.
ಜಡ್ಡುಗಟ್ಟಿ ಯಾವ ಕಾಲವಾಯಿತು ಅಲ್ಲಿ,
ಕಾಫಿ ಲೋಟದ ಬಿಸಿಯೂ ತಿಳಿಯುತ್ತಿರಲಿಲ್ಲ.
ಈಗ ಒಳಗಿನಿಂದ ಯಾರೋ ಹೊಸಬ
ಕದ ತಟ್ಟಿದ ಹಾಗೆ ನೋವು.
ಬೆರಳು ಬಾಯಲ್ಲಿಟ್ಟುಕೊಂಡೆ, ಹುಡುಗನ ಹಾಗೆ.
ತುಕ್ಕಿನ ರುಚಿ.

ಇನ್ನೇನು ಸಿಕ್ಕೇಬಿಟ್ಟಿತು ಅನ್ನುವಾಗ
ಕಬ್ಬು ಮುಗಿದು ಹಂಗಾಮು ನಿಂತಿತು, ಸೈರನ್ನೂ.
ಈಗ ಆರು ಗಂಟೆಗೆ ಬರೀ ಕಾಗೆ.

ಮೊನ್ನೆ ಪಾಂಡವಪುರದ ಛತ್ರದಲ್ಲಿ
ಎಂದಿನ ಹಾಡಿನ ಎಂದಿನ ತಿರುವು.
ಎತ್ತು ಹೊರಳುವ ಮೊದಲು ಹಗ್ಗ ಜಗ್ಗಿದೆ.
ತಂತಿ ಏರಿತು. ಏರಿ
ಎಲ್ಲಿ ನಿಲ್ಲುತ್ತದೆಂದು ನನಗೂ ಗೊತ್ತಿರಲಿಲ್ಲ.
ಕೀಬೋರ್ಡಿನ ರಹಮತ್ ಬಗ್ಗಿ ಕೇಳಿದ,
'ಶ್ರುತಿ ತಪ್ತಾ ಗುರುವೇ?'
'ಇಲ್ಲ ಕಣಪ್ಪ. ದಾರಿ.'
ಊಟದ ಮನೆಯ ಬಾಗಿಲಲ್ಲಿ
ಸಾರಿನ ಬಕೆಟ್ಟು ಹಿಡಿದ ಒಬ್ಬ
ನಿಂತಲ್ಲೇ ನಿಂತು
ಕೈಗಡಿಯಾರ ನೋಡಿಕೊಂಡ.