ಹತ್ತು ಮಿಲಿಸೆಕೆಂಡು

ಇದು ಗೋಡೆಯ ಗಡಿಯಾರದ ಮಾತಲ್ಲ.
ಇದಕ್ಕೆ ಮುಳ್ಳಿಲ್ಲ, ಅಂಕಿಯಿಲ್ಲ,
ಈಗ ಎಷ್ಟು ಗಂಟೆಯೆಂದು ಕೇಳಿದರೆ ಗೊತ್ತಿಲ್ಲ.
ಹರಳೊಂದು ನಡುಗುತ್ತದೆ, ಅಷ್ಟೆ,
ಸೆಕೆಂಡಿಗೆ ಎರಡು ಕೋಟಿ ನಲವತ್ತು ಲಕ್ಷ ಸಲ.
ಆ ನಡುಕ ಹಿಡಿದು ಕ್ಯಾಮರಾ ಕಣ್ಣು ತೆರೆಯುತ್ತದೆ,
ಸುರಿಯುವ ಬೇಳೆಯಲ್ಲಿ ಕರಿಕಾಳು ಕಂಡರೆ
ಪುಸ್ಸೆಂದು ಗಾಳಿ ಊದಿ ಆಚೆ ತಳ್ಳುತ್ತದೆ.

ಕಲಬುರಗಿ, ಕಪನೂರಿನ ದಾಲ್ ಮಿಲ್ಲಿನ ಹಿಂದಿನ ಕೋಣೆ.
ಗೋಣಿಚೀಲದ ಮೇಲೆ ಲ್ಯಾಪ್‌ಟಾಪು,
ಕೀಲಿಗಳ ಸಂದಿಗೆಲ್ಲ ತೊಗರಿ ಹೊಟ್ಟಿನ ಪುಡಿ.
ಮೂರು ವರ್ಷದ ಕೆಳಗೆ ನಾನೇ ಬರೆದ ಡ್ರೈವರು
ಈಗ ತೆರೆದರೆ
ಬೇರೆ ಯಾರದೋ ಹೆದರಿಕೆ ಓದಿದ ಹಾಗೆ.

ನಾಲ್ಕು ಕ್ಲಾಕು.
ಒಂದನ್ನು ಕೇಳು, ಸಿಕ್ಕಿತೇ ನೋಡು, ಎಬ್ಬಿಸು.
ಎರಡನೆಯದನ್ನು ಕೇಳು. ಸಿಗಲಿಲ್ಲವೇ?
ಮೊದಲನೆಯದನ್ನು ಮಲಗಿಸು, ಹೊರಗೆ ಬಾ.
ಮೂರನೆಯದು ಕೈಕೊಟ್ಟರೆ ಎರಡನ್ನು, ಆಮೇಲೆ ಒಂದನ್ನು.
ನಾಲ್ಕನೆಯದು ಕೈಕೊಟ್ಟರೆ ಮೂರನ್ನು, ಎರಡನ್ನು...
ಅಲ್ಲಿ ಒಂದನ್ನು ಮರೆತಿದ್ದೆ.
ಮೂರು ವರ್ಷ, ಸೋತ ದಿನಗಳಲ್ಲೆಲ್ಲ
ಮಿಲ್ಲು ಬಾಗಿಲು ಹಾಕಿಕೊಂಡ ಮೇಲೂ
ಅದು ಯಾರಿಗೂ ಬೇಡದ ಲಯ ಹಿಡಿದು
ಕತ್ತಲಲ್ಲಿ ಮಿಡಿಯುತ್ತಿತ್ತು.

ಫಿಟ್ಟರ್ ಮಶಾಕ್ ಸಾಬ್ ಚಹಾ ತಂದ,
ಬಗ್ಗಿ ಸ್ಕ್ರೀನು ನೋಡಿದ.
"ಇಷ್ಟುದ್ದ ಏನದ್ರಿ ಅಕ್ಕಾರ?"
ಚಾಲೂ ಮಾಡಾದು, ಬಂದ್ ಮಾಡಾದು, ಅಂದೆ.
"ನಮ್ಮದೂ ಮೊದಲ ಹಂಗೇ ಇತ್ತು.
ಬ್ಲೋವರಿಗೊಂದು ಬಟನ್, ರೋಲರಿಗೊಂದು, ಎಲಿವೇಟರಿಗೊಂದು.
ಒಬ್ಬ ಹುಡುಗ ಉಲ್ಟಾ ಬಂದ್ ಮಾಡ್ದ.
ಕುತ್ತಿಗಿ ಮಟ ಬ್ಯಾಳಿ!
ಈಗ ಒಂದೇ ಪ್ಯಾನಲ್ಲು.
ಕಡೀಕ ಎದ್ದಿದ್ದು ಮೊದಲ ಮಲಗತದ,
ಮೊದಲ ಎದ್ದಿದ್ದು ಕಡೀಕ.
ಇಂಥಾದು ಮಂದಿ ನೆಪ್ಪಿನ ಮ್ಯಾಲ ಬಿಡಬಾರದು ನೋಡ್ರಿ."

ಚಹಾ ಆರಿಹೋಯಿತು.
ನಾಲ್ಕೂ ಹೆಸರನ್ನು ಒಂದು ಪಟ್ಟಿಯಲ್ಲಿಟ್ಟು
ಒಂದೇ ಸಲ ಕೂಗಿದೆ: ಬನ್ನಿ, ಏಳಿ.
ಮಲಗಿಸುವ ಉಸಾಬರಿ ಕರ್ನಲ್ಲಿಗೇ ಬಿಟ್ಟೆ,
ಅದಕ್ಕೆ ಮರೆವಿಲ್ಲ.
ಅರವತ್ತೆಂಟು ಸಾಲು ಕೆಂಪಾಗಿ ಉದುರಿದವು,
ಒಂಬತ್ತು ಹಸಿರಾಗಿ ಉಳಿದವು.

ಉದುರಿದ್ದರಲ್ಲಿ ಒಂದಕ್ಕೆ ನನ್ನದೇ ಟಿಪ್ಪಣಿ ಇತ್ತು:
ಮುಟ್ಟಬೇಡ. ಯಾಕೆಂದು ಗೊತ್ತಿಲ್ಲ.
ಹತ್ತು ಮಿಲಿಸೆಕೆಂಡು ಸುಮ್ಮನೆ ಕಾಯುವ ಸಾಲು.
ಗೊತ್ತಿಲ್ಲದ್ದಕ್ಕೆ ಯಾಕೆ ಜಾಗ, ಎಂದು
ಅದನ್ನೂ ಅಳಿಸಿದ್ದೆ.

ಮಧ್ಯಾಹ್ನ ನಡೆಯಿತು. ಸಂಜೆಯೂ ನಡೆಯಿತು.
ಮರುದಿನ ಬೆಳಿಗ್ಗೆ, ಪುಷ್ಯದ ಚಳಿ,
ತಗಡಿನ ಮೇಲಿಂದ ಇಬ್ಬನಿ ತೊಟ್ಟಿಕ್ಕುವಾಗ
ಕಣ್ಣು ತೆರೆಯಲೇ ಇಲ್ಲ.
ಕಲ್ಲು, ಕರಿಕಾಳು, ಬೇಳೆ ಎಲ್ಲ ಒಂದೇ ಚೀಲಕ್ಕೆ.
ಹಮಾಲರು ಕೈಕಟ್ಟಿ ನಿಂತರು.
ತಂತಿ ಹಚ್ಚಿ ಅಲೆ ನೋಡಿದೆ:
ಹರಳು ಎದ್ದಿತ್ತು, ನೆಟ್ಟಗೆ ನಿಂತಿರಲಿಲ್ಲ.
ಬೋರ್ಡಿನ ಹಸಿರು ಹಲಗೆ ಮುಟ್ಟಿದರೆ
ಕಂಚಿನ ತಂಬಿಗೆಯಷ್ಟು ತಣ್ಣಗಿತ್ತು.

ಸಾಲನ್ನು ಅದರ ಜಾಗಕ್ಕೆ ತಂದಿಟ್ಟೆ.
ಟಿಪ್ಪಣಿ ಮಾತ್ರ ಬದಲಿಸಿದೆ:
ಚಳಿಗೆ ಹರಳು ನಿಧಾನ ಏಳುತ್ತದೆ. ಕಾಯಿ.
ಹಸಿರು ಈಗ ಹನ್ನೊಂದು.

ಮಶಾಕ್ ಸಾಬ್ ಕೇಳಿದ,
"ಅಳಸೂದಕ್ಕೂ ಪಗಾರ ಅದೇನ್ರಿ?"
ಅದ, ಅಂದೆ.
ಹಾಕಿದ್ದಕ್ಕೆ? ಅದನ್ನವನು ಕೇಳಲಿಲ್ಲ.
ಒಳಗೆ ಗಾಳಿ ಒಂದು ಕರಿಕಾಳನ್ನು ಊದಿತು,
ಮತ್ತೊಂದನ್ನು,
ಅದರ ಜೊತೆ
ಒಂದು ಒಳ್ಳೆಯ ಬೇಳೆಯೂ ಹೋಯಿತು.