ಒಂಬತ್ತು ಪಾಲು

ಈ ದ್ವೀಪದಲ್ಲಿ ಮರವಿಲ್ಲ, ಹುಲ್ಲಿಲ್ಲ, ಕುಡಿಯುವ ನೀರಿಲ್ಲ.
ಇರುವುದು ನಾನು, ಒಂದು ಸೀಟಿ, ಒಂದು ಲೆಕ್ಕದ ಪುಸ್ತಕ,
ಮತ್ತು ನಾಲ್ಕು ಲಕ್ಷ ಗ್ವಾನಾಯ್ ಹಕ್ಕಿ.
ಪೆರುವಿನ ಸರ್ಕಾರ ನನಗೆ ಸಂಬಳ ಕೊಡುವುದು
ಹಿಕ್ಕೆ ಕಾಯುವುದಕ್ಕೆ.
ನಗಬೇಡಿ.
ಈ ಬಿಳಿ ದಿಬ್ಬವೇ
ದೂರದ ಬೆಟ್ಟದ ಆಲೂಗಡ್ಡೆಗೆ ತಾಯಿಹಾಲು.

ಹೋದ ಚಳಿಗಾಲ ನೋಹೆಲಿಯಾ ಬಂದಳು, ಓದುವ ಹುಡುಗಿ,
ಜೊತೆಗೆ ರೇಷ್ಮೆಬಲೆ, ಸೋಸುವ ಕಾಗದ,
ಅಕ್ಕಸಾಲಿಯದರಂಥ ಪುಟ್ಟ ತಕ್ಕಡಿ.
ದೋಣಿಯಂಚಿಗೆ ಬಾಗಿ ಕಡಲನ್ನು ಸೋಸಿದಳು.
ಕಾಗದದ ಮೇಲೆ ಉಳಿದದ್ದು ಒಂದು ಹಸಿರು ಕಲೆ,
ಸೊಪ್ಪು ಹಿಂಡಿದ ಬೆರಳು ಒರೆಸಿದ ಹಾಗೆ.
ಅದನ್ನು ಮೇಯುವ ಹುಳಗಳನ್ನೂ ತೂಗಿದಳು.
ಹುಳವೇ ಭಾರ!
ಉಣ್ಣುವವರಿಗಿಂತ ಅನ್ನ ಹಗುರವೇ ತಾಯಿ, ಎಂದೆ.

ಕೇಳಿದ ಮೇಲೆ ನನಗೇ ಅಮ್ಮ ನೆನಪಾದಳು.
ಚಿಂಬೋಟೆ ಬಂದರಿನ ಮೂಲೆ, ಒಂದೇ ಬಾಣಲೆ,
ಯಾವಾಗ ಇಣುಕಿದರೂ ಎಣ್ಣೆಯಲ್ಲಿ ಮೂರೇ ಪಿಕರೋನೆ.
ಆ ಮೂರರಲ್ಲೇ ಹನ್ನೊಂದು ಹೊಟ್ಟೆ ಬೆಳೆದವು.
ಕಡಲ ಹಸಿರೂ ಹಾಗೆಯೇ ಅಂತೆ:
ಬಾಣಲೆಯಲ್ಲಿ ಇರುವುದನ್ನಲ್ಲ,
ಬೆಳಗಿನಿಂದ ಬೈಗಿನತನಕ ಇಳಿದದ್ದನ್ನು ತೂಗಬೇಕು.

ರಾತ್ರಿ ದೀಪದಡಿ ಅವಳು ಚಿತ್ರ ಬರೆದಳು.
ನಮ್ಮ ಕಣಿವೆಯ ಹಳಬರು ಹಸಿ ಇಟ್ಟಿಗೆಯಲ್ಲಿ ಎಬ್ಬಿಸಿದ
ಪಿರಮಿಡ್ಡಿನ ಹಾಗೆ, ಕೆಳಗೆ ಊರಗಲ,
ತುದಿಯಲ್ಲಿ ಒಬ್ಬ ನಿಲ್ಲುವಷ್ಟು ಜಾಗ.
ಖಂಡುಗ ಹಸಿರು
ಹುಳಕ್ಕೆ ದಕ್ಕುವಾಗ ಎರಡು ಕೊಳಗ,
ಮೀನಿಗೆ ಒಂದು ಬಳ್ಳವೂ ಇಲ್ಲ,
ಹಕ್ಕಿಗೆ ಬಂದರೆ ಪಾವು ತುಂಬದು.
ಹತ್ತರಲ್ಲಿ ಒಂದೇ ಮೇಲೆ ಹತ್ತುತ್ತದೆ, ಎಂದಳು.
ಮಿಕ್ಕ ಒಂಬತ್ತು?
"ನಷ್ಟ" ಎಂದು ಬರೆದಳು.
ಒಂದೊಂದು ಮೆಟ್ಟಿಲಿನಿಂದಲೂ ಒಂದು ಬಾಣ,
ಎಲ್ಲವೂ ಪುಟದಾಚೆಗೆ.

ನಷ್ಟ ಎಂಬ ಮಾತು ನನ್ನ ತಂಗಿ ದೊಮಿತಿಲಾ ಬಲ್ಲಳು.
ಮೀನುಪುಡಿ ಕಾರ್ಖಾನೆಯಲ್ಲಿ ಅವಳಿಗೆ ರಾತ್ರಿಪಾಳಿ.
ನಾಲ್ಕೈದು ಮೂಟೆ ಆಂಚೊವೆಟಾ ಬೆಂದು ಒಣಗಿ ಒಂದು ಮೂಟೆ,
ಅದು ಹಡಗು ಹತ್ತಿ, ನಾವು ಕಾಣದ ಚಳಿಯ ದೇಶದಲ್ಲಿ
ಯಾರದೋ ಸಾಕುಮೀನಿನ ಹೊಟ್ಟೆಗೆ.
ಕೂದಲ ತುಂಬ ಆ ವಾಸನೆ ಹೊತ್ತು ಮನೆಗೆ ಬಂದವಳು
ಕೋಳಿಯ ಕತ್ತು ಬೇಯಿಸುತ್ತಾಳೆ.
ಅವಳ ಬಾಣ ಯಾವ ಪುಟದಲ್ಲಿದೆಯೋ.

ಬೆಳಿಗ್ಗೆ ಗರುವಾ ಮಂಜು, ಕಲ್ಲೆಲ್ಲ ಬೆವರಿತ್ತು.
ರೆಕ್ಕೆ ಉಳುಕಿದ ಹಕ್ಕಿಯೊಂದನ್ನು ಹಿಡಿದು ಅವಳ ಮಡಿಲಿಗಿಟ್ಟೆ.
ಪುಕ್ಕದೊಳಗೆ ಬೆರಳು ತೂರಿಸು, ಎಂದೆ.
"ಅಬ್ಬಾ, ಬಿಸಿ."
ಇದೇ ನೋಡು ನಿನ್ನ ಒಂಬತ್ತು ಪಾಲು.
ಮುಳುಗಿ ಎದ್ದದ್ದು, ಪಕ್ಕದವಳ ಗೂಡಿನ ಗರಿ ಕದ್ದದ್ದು,
ಕಿತ್ತಾಡಿದ್ದು, ಮೊಟ್ಟೆಗೆ ಕಾವು ಕೊಟ್ಟದ್ದು,
ಬದುಕಿದ್ದಷ್ಟೂ ನಿನ್ನ ನಷ್ಟದ ಬಾಬತ್ತು.
ಅವಳು ಆ ಮಾತನ್ನು ಅಳಿಸಿದಳು.
ಬೇರೆ ಮಾತು ಹೊಳೆಯಲಿಲ್ಲ.
ಜಾಗ ಖಾಲಿಯೇ ಉಳಿಯಿತು.

ಈ ವರ್ಷ ಕಡಲಿಗೆ ಜ್ವರ.
ತಳದ ತಣ್ಣೀರು ಮೇಲೇಳಲಿಲ್ಲ, ಹಸಿರು ಮೂಡಲಿಲ್ಲ,
ಮೀನು ಕೊಕ್ಕಿಗೆ ಎಟುಕದ ಆಳಕ್ಕಿಳಿಯಿತು.
ತಾಯಂದಿರು ಮೂರು ದಿನ ಬರಿಗೊರಳಲ್ಲಿ ಮರಳಿದರು.
ನಾಲ್ಕನೆಯ ದಿನ ಮರಳಲಿಲ್ಲ.
ಮರಿಗಳ ವಿಷಯ ನಾನು ಬರೆಯುವುದಿಲ್ಲ.

ಪುಸ್ತಕದಲ್ಲಿ ಹಕ್ಕಿಗಳ ಸಂಖ್ಯೆ: ಸೊನ್ನೆ.
ಕೆಳಗೆ ಸಹಿ, ತಾರೀಖು.
ಕತ್ತಲಲ್ಲಿ ಎದ್ದು ಹೋಗಿ ದಿಬ್ಬಕ್ಕೆ ಅಂಗೈ ಒತ್ತಿದೆ.
ಹದಿನೇಳು ವರ್ಷದಲ್ಲಿ ಮೊದಲ ಸಲ
ಕಡಲು ಬಿಸಿ,
ನೆಲ ತಣ್ಣಗೆ.
ಇದನ್ನು ಬರೆಯಲು ಪುಸ್ತಕದಲ್ಲಿ ಕಾಲಂ ಇಲ್ಲ.